ಹಂಚಿನ ಮಾಡಿನ ಅಂಚಿಗೆ 20 ಮೀಟರ್ ತಂತಿ: ಕೋಡಿಬಾಗದ ಬಾಡಿಗೆ ಮನೆಯಲ್ಲಿ ಹ್ಯಾಮ್ ಆಂಟೆನಾ

ಕಾರವಾರದ ಕೋಡಿಬಾಗದಲ್ಲಿ ನಾನಿರುವುದು ಬಾಡಿಗೆ ಮನೆ. ಹಳೇ ಹಂಚಿನ ಮನೆ. ಕೆಳಗೆ ಮನೆಯೊಡತಿ, ಮಹಡಿಯಲ್ಲಿ ನಾನು. ಅವರು ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಕೇರಿಯವರೆಲ್ಲ ಅಕ್ಕೋರು ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೋದ ಡಿಸೆಂಬರ್‌ನಲ್ಲಿ ಒಂದು ಸಂಜೆ ಚಹಾ ಕುಡಿಯುತ್ತಾ ನನ್ನ ಹ್ಯಾಮ್ ರೇಡಿಯೋದ, ಅಂದರೆ ಹವ್ಯಾಸಕ್ಕೆ ದೂರದವರ ಜತೆ ಮಾತಾಡುವ ರೇಡಿಯೋದ, ತಂತಿಯ ವಿಷಯ ಎತ್ತಿದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ್ದಿಷ್ಟು: “ತಮಾ, ಹಂಚಿಗೆ ಕೈ ಹಚ್ಚೂಕಿಲ್ಲ, ಗೋಡೆಗೆ ಮೊಳೆ ಹೊಡೆಯೂಕಿಲ್ಲ, ಅಂಗಳದಲ್ಲಿ ಕಂಬ ನಿಲ್ಸೂಕಿಲ್ಲ. ಬಾಕಿ ಏನ್ ಬೇಕಾರೂ ಮಾಡು, ಅಡ್ಡಿಲ್ಲ.”

ಈ ಮೂರು ಷರತ್ತಿನೊಳಗೆ ನನಗೆ 40 ಮೀಟರ್ ಬ್ಯಾಂಡ್ ಬೇಕಿತ್ತು, ಅಂದರೆ 7 ಮೆಗಾಹರ್ಟ್ಸ್ ಸುತ್ತಿನ, ಸುಮಾರು 40 ಮೀಟರ್ ಉದ್ದದ ಅಲೆಗಳು. 20 ಮೀಟರ್ ಬ್ಯಾಂಡೂ (14 ಮೆಗಾಹರ್ಟ್ಸ್ ಸುತ್ತ) ಸಿಕ್ಕರೆ ಒಳ್ಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಮಳೆಗಾಲದ ನಾಲ್ಕು ತಿಂಗಳೂ ಬಿಚ್ಚದೆ ಅದು ಮೇಲೇ ಇರಬೇಕು. ಹತ್ತು ತಿಂಗಳಲ್ಲಿ ಏನೇನು ಮಾಡಿದೆ, ಯಾವುದು ಕೈಕೊಟ್ಟಿತು, ಯಾವುದು ನಿಂತಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಜಾಗ ಕಡಿಮೆ ಇರುವವರಿಗೆ, ಅದರಲ್ಲೂ ಕಡಲ ಬದಿಯಲ್ಲಿ ಇರುವವರಿಗೆ ಉಪಯೋಗವಾದೀತು.

ಶುರು ಮಾಡುವ ಮೊದಲು ಒಂದು ಮಾತು. ಕಣ್ಣಿಗೆ ಬೀಳದ ಆಂಟೆನಾ ಬೇರೆ, ಕದ್ದು ಹಾಕಿದ ಆಂಟೆನಾ ಬೇರೆ. ಹ್ಯಾಮ್ ರೇಡಿಯೋಗೆ ಕೇಂದ್ರದ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕೇ ಬೇಕು. ಪರೀಕ್ಷೆ ಪಾಸಾಗಿ, ವಿಯು2 ಅಥವಾ ವಿಯು3 ಅಂತ ಶುರುವಾಗುವ ಕಾಲ್‌ಸೈನ್ (ರೇಡಿಯೋದಲ್ಲಿ ನಮ್ಮ ಗುರುತಿನ ಹೆಸರು) ಕೈಗೆ ಬಂದ ಮೇಲೇ ಮೈಕ್ ಒತ್ತಬೇಕು. ಮನೆ ಬದಲಾದರೆ ಲೈಸೆನ್ಸಿನಲ್ಲಿರುವ ವಿಳಾಸವನ್ನೂ ಬದಲಾಯಿಸಿಕೊಳ್ಳಬೇಕು. ಕಾರವಾರ ನೌಕಾನೆಲೆ ಇರುವ ಊರು. ಹೊಸ ತಂತಿ ಕಂಡರೆ ಜನ ಕೇಳುತ್ತಾರೆ, ಕೇಳಬೇಕು ಕೂಡ. ನಾನು ಲೈಸೆನ್ಸಿನ ಒಂದು ಪ್ರತಿಯನ್ನು ಲ್ಯಾಮಿನೇಟ್ ಮಾಡಿಸಿ ರೇಡಿಯೋ ಪಕ್ಕದಲ್ಲಿ ಇಟ್ಟೆ, ಇನ್ನೊಂದನ್ನು ಅಕ್ಕೋರಿಗೆ ಕೊಟ್ಟೆ, ಎರಡೂ ಕಡೆಯ ಪಕ್ಕದ ಮನೆಯವರನ್ನು ಕರೆದು ರೇಡಿಯೋ ತೋರಿಸಿದೆ. ತಂತಿ ಕಾಣದ ಹಾಗೆ ಹಾಕುವುದು ಮನೆಯ ಅಂದ ಕೆಡಬಾರದು ಅಂತ, ಯಾರಿಂದಲೂ ಮುಚ್ಚಿಡಲಿಕ್ಕಲ್ಲ.

ಮೊದಲ ಕೆಲಸ ಟೇಪು ಹಿಡಿದು ಅಳೆದದ್ದು. ಬಹಳ ಜನ ಮೊದಲು ಆಂಟೆನಾ ಆರಿಸಿ ಆಮೇಲೆ ಜಾಗ ಹುಡುಕುತ್ತಾರೆ. ಬಾಡಿಗೆ ಮನೆಯಲ್ಲಿ ಅದು ಉಲ್ಟಾ ಆಗಬೇಕು. ಮಾಡಿನ ಅಂಚು ಹಿಂದಿನ ಬಾಲ್ಕನಿಯ ಮೂಲೆಯಿಂದ ಮುಂದಿನ ಮೂಲೆಯವರೆಗೆ 11 ಮೀಟರ್. ನೆಲದಿಂದ ಅಂಚಿಗೆ ಸುಮಾರು 6 ಮೀಟರ್. ಮುಂದಿನ ಮೂಲೆಯಿಂದ ಬೇಲಿ ಹತ್ತಿರದ ತೆಂಗಿನ ಮರಕ್ಕೆ ಹೆಚ್ಚುಕಡಿಮೆ 10 ಮೀಟರ್. ರಸ್ತೆಯ ಕರೆಂಟ್ ಲೈನು ಮನೆಯ ಇನ್ನೊಂದು ಬದಿಗಿದೆ, ಅದು ಪುಣ್ಯ. ಕರೆಂಟ್ ಲೈನಿನ ಹತ್ತಿರ, ಮೇಲೆ, ಕೆಳಗೆ ಎಲ್ಲೂ ಆಂಟೆನಾ ತಂತಿ ಹೋಗಬಾರದು. ಹರಿದು ಬಿದ್ದರೂ ಅಲ್ಲಿಗೆ ಮುಟ್ಟಬಾರದು. ಆ ಬದಿಯನ್ನು ಕಾಗದದ ಮೇಲೆ ಮೊದಲೇ ಅಡ್ಡ ಗೀಟು ಹಾಕಿ ಹೊಡೆದುಹಾಕಿದೆ.

ಡೈಪೋಲ್, ಅಂದರೆ ನಡುವೆ ಕಡಿದ ಎರಡು ಸಮ ತಂತಿ, ಎಲ್ಲರೂ ಮೊದಲು ನೆನೆಸುವ ಆಂಟೆನಾ. ಲೆಕ್ಕ ಸುಲಭ: 142.5 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅರ್ಧ ತರಂಗದ ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ 20 ಮೀಟರ್. ಉದ್ದ ಹೇಗೋ ಹೊಂದಿಸಬಹುದಿತ್ತು. ತೊಂದರೆ ಬೇರೆ. ಡೈಪೋಲಿಗೆ ಕೋಯಾಕ್ಸ್, ಅಂದರೆ ರೇಡಿಯೋದಿಂದ ಆಂಟೆನಾಕ್ಕೆ ಹೋಗುವ ಕೇಬಲ್, ಬರುವುದು ನಟ್ಟನಡುವೆ. ನನ್ನ ಲೆಕ್ಕದಲ್ಲಿ ಆ ನಡು ಅಂದರೆ ಅಕ್ಕೋರ ತುಳಸಿಕಟ್ಟೆಯ ನೇರ ಮೇಲೆ. ದಪ್ಪ ಕರಿ ಕೇಬಲ್ ಅಲ್ಲಿ ನೇತಾಡುವುದನ್ನು ಅವರು ದಿನಾ ಬೆಳಿಗ್ಗೆ ನೋಡಬೇಕು. ಆ ಯೋಚನೆ ಅಲ್ಲಿಗೇ ಬಿಟ್ಟೆ.

ಜನವರಿಯಲ್ಲಿ ಕೈಹಾಕಿದ್ದು ಸಣ್ಣ ಮ್ಯಾಗ್ನೆಟಿಕ್ ಲೂಪ್‌ಗೆ. ಬಾಲ್ಕನಿಯಲ್ಲಿ ಇಡಬಹುದು, ಬೇಡವಾದಾಗ ಒಳಗೆ ತರಬಹುದು, ಮೊಳೆ ಬೇಡ, ಕಂಬ ಬೇಡ. ಎಸಿಗೆ ಹಾಕುವ 5/8 ಇಂಚಿನ ತಾಮ್ರದ ಪೈಪು ಮೂರು ಚಿಲ್ಲರೆ ಮೀಟರ್ ತಂದು, ಮರಳು ತುಂಬಿ ಬಗ್ಗಿಸಿ, 1 ಮೀಟರ್ ಅಡ್ಡಳತೆಯ ಬಳೆ ಮಾಡಿದೆ. ಮರಳು ತುಂಬದಿದ್ದರೆ ಪೈಪು ಮಡಚಿಕೊಳ್ಳುತ್ತದೆ. ಟ್ಯೂನ್ ಮಾಡಲು ಹಳೇ ವಾಲ್ವ್ ರೇಡಿಯೋದ ಗ್ಯಾಂಗ್ ಕಂಡೆನ್ಸರ್.

20 ಮೀಟರ್ ಬ್ಯಾಂಡಿನಲ್ಲಿ ಚೆನ್ನಾಗಿ ಕೇಳಿಸಿತು. ಗದ್ದಲ ಕಡಿಮೆ, ತಿರುಗಿಸಿದರೆ ಪಕ್ಕದ ಮನೆಯ ಇನ್ವರ್ಟರ್ ಶಬ್ದ ಮಾಯ. ಆದರೆ 10 ವ್ಯಾಟ್ ಕೊಟ್ಟ ಕೂಡಲೇ ಕಂಡೆನ್ಸರಿನ ತಗಡುಗಳ ನಡುವೆ ಟಿಕ್ ಟಿಕ್ ಅಂತ ನೀಲಿ ಕಿಡಿ. ಇದು ಕಂಡೆನ್ಸರಿನ ದೋಷ ಅಲ್ಲ, ಲೂಪ್ ಇರುವುದೇ ಹಾಗೆ. ಅದರ ರೇಡಿಯೇಶನ್ ರೆಸಿಸ್ಟೆನ್ಸ್ (ಶಕ್ತಿಯನ್ನು ಅಲೆಯಾಗಿ ಹೊರಗೆ ಕಳಿಸುವ ಪಾಲು) ಒಂದು ಓಮಿನ ಹತ್ತನೇ ಒಂದು ಪಾಲಿನಷ್ಟೇ, ಹಾಗಾಗಿ ಕರೆಂಟ್ ವಿಪರೀತ ಹರಿಯುತ್ತದೆ, ಕಂಡೆನ್ಸರಿನ ಮೇಲೆ ಬರೀ 10 ವ್ಯಾಟಿಗೇ ಸಾವಿರ ವೋಲ್ಟ್ ದಾಟುತ್ತದೆ. 40 ಮೀಟರ್‌ಗೆ ಹೋದರೆ ಇನ್ನೂ ಕಷ್ಟ. ಇಷ್ಟು ಸಣ್ಣ ಬಳೆಯಲ್ಲಿ ಆ ಬ್ಯಾಂಡಿನ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿ ಪೈಪಿನಲ್ಲೇ ಬಿಸಿಯಾಗಿ ಹೋಗುತ್ತದೆ. 10 ಕಿಲೋಹರ್ಟ್ಸ್ ಆಚೆ ಸರಿದರೂ ಮತ್ತೆ ಟ್ಯೂನ್ ಮಾಡಬೇಕು. ಜತೆಗೆ ಮೂರು ವಾರದಲ್ಲಿ ಉಪ್ಪುಗಾಳಿಗೆ ಆ ಕಂಡೆನ್ಸರಿನ ತಗಡುಗಳ ಮೇಲೆ ಬಿಳಿ ಪುಡಿ ಕಟ್ಟಿತು. ಒಣ ಊರಿನಲ್ಲಿ, ಫ್ಲ್ಯಾಟಿನ ಬಾಲ್ಕನಿಯಲ್ಲಿ, 20 ಮೀಟರ್ ಮೇಲಿನ ಬ್ಯಾಂಡುಗಳಿಗೆ ಒಳ್ಳೇ ಕಂಡೆನ್ಸರ್ ಹಾಕಿ ಲೂಪ್ ಮಾಡಿದರೆ ನಿಜವಾಗಿಯೂ ಒಳ್ಳೆಯ ಆಂಟೆನಾ. ನನಗೆ 40 ಮೀಟರ್ ಬೇಕಿತ್ತು.

ಆಮೇಲೆ ವರ್ಟಿಕಲ್. ಕೋಡಿಬಾಗದಿಂದ ಕಡಲು, ಕಾಳಿ ನದಿಯ ಬಾಯಿ ಎರಡೂ ಕೂಗಳತೆಯಲ್ಲಿವೆ. ಉಪ್ಪುನೀರಿನ ಪಕ್ಕದಲ್ಲಿ ನೆಟ್ಟಗೆ ನಿಂತ ಆಂಟೆನಾಕ್ಕೆ ಇರುವ ಅನುಕೂಲ ಬೇರೆ ಯಾವ ನೆಲದಲ್ಲೂ ಇಲ್ಲ. ದಿಗಂತದ ಹತ್ತಿರ ಹೋಗುವ ಅಲೆಯನ್ನು ಉಪ್ಪುನೀರು ಹೀರುವುದಿಲ್ಲ, ಹಾಗಾಗಿ ದೂರದೂರದ ಸ್ಟೇಷನ್‌ಗಳು ಸಿಗುತ್ತವೆ. ಅಂಗಳದಲ್ಲಿ ಕಾಯಂ ಕಂಬ ಬೇಡ ಅಂದಿದ್ದರು, ಆದರೆ ರಾತ್ರಿ ಎರಡು ತಾಸು ಒರಗಿಸಿಟ್ಟು ಇಳಿಸಲು ಅಕ್ಕೋರು ಒಪ್ಪಿದರು. 20 ಮೀಟರ್ ಬ್ಯಾಂಡಿನ ಕಾಲು ತರಂಗ ಬರೀ 5 ಮೀಟರ್. ಅಷ್ಟೆತ್ತರದ ಹಗುರ ಕೋಲು ಬೇಕು.

ಶಿರಸಿ ಕಡೆ ತೋಟ ಇರುವವರಿಗೆ ಈ ಮಾತು ಕೇಳಿದ ಕೂಡಲೇ ಹೊಳೆಯುವುದು ಒಂದೇ, ದೋಟಿ. ಈಗಂತೂ ಅಡಿಕೆ ಕೊನೆ ಇಳಿಸಲು, ಔಷಧಿ ಹೊಡೆಯಲು ಒಂದರೊಳಗೊಂದು ಸೇರುವ ಫೈಬರ್ ದೋಟಿಗಳು ಬಂದಿವೆ. ಎತ್ತರ ಬೇಕಾದಷ್ಟು, ತೂಕ ಏನೂ ಇಲ್ಲ. ಶಿರಸಿ ಹತ್ತಿರ ನಮ್ಮ ಮಾವನ ತೋಟವಿದೆ. ಫೆಬ್ರವರಿಯಲ್ಲಿ ಹೋದಾಗ ಕೇಳಿದೆ, ಕೊಯ್ಲು ಮುಗಿದಿತ್ತು, “ತಗಂಡ್ಹೋಗು” ಅಂದರು. ಕಾರಿನ ಮೇಲೆ ಕಟ್ಟಿಕೊಂಡು ಘಟ್ಟ ಇಳಿಸಿ ತಂದೆ. ತಂತಿಯನ್ನು ದೋಟಿಯ ಉದ್ದಕ್ಕೂ ಟೇಪು ಸುತ್ತಿ ಕಟ್ಟಿ, ನೆಲದ ಮೇಲೆ ತಲಾ 5 ಮೀಟರಿನ ನಾಲ್ಕು ರೇಡಿಯಲ್ (ಬುಡದಿಂದ ಸುತ್ತ ಹರಡುವ ತಂತಿ) ಬಿಟ್ಟು, ನ್ಯಾನೋ ವಿಎನ್‌ಎ ಅನ್ನುವ ಆಂಟೆನಾ ಅಳೆಯುವ ಮೀಟರ್ ಹಚ್ಚಿ ನೋಡಿದೆ. ಎಸ್‌ಡಬ್ಲ್ಯೂಆರ್ (ಆಂಟೆನಾ ರೇಡಿಯೋಗೆ ಎಷ್ಟು ಹೊಂದುತ್ತದೆ ಅನ್ನುವ ಅಳತೆ, 1 ಆದರೆ ಪೂರ್ತಿ ಸರಿ) ಎಲ್ಲೂ 4ಕ್ಕಿಂತ ಕೆಳಗೆ ಬರಲಿಲ್ಲ. ತಂತಿ ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಗುಂಡಿ, ಅಂದರೆ ಈ ಅಂಕಿ ಎಲ್ಲಕ್ಕಿಂತ ಕೆಳಗಿಳಿಯುವ ಜಾಗ, ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಲೇ ಇಲ್ಲ. ರಾತ್ರಿ ಹತ್ತೂವರೆಯವರೆಗೂ ಟಾರ್ಚು ಹಿಡಿದು ಕನೆಕ್ಟರ್‌ಗಳನ್ನೇ ಪರೀಕ್ಷೆ ಮಾಡುತ್ತಾ ಕೂತೆ.

ಮರುದಿನ ಬೆಳಕಿನಲ್ಲಿ ದೋಟಿಯ ಬುಡ ನೋಡಿದೆ. ಕಡಿದ ಅಂಚು ಕಪ್ಪಗೆ, ಪೆನ್ಸಿಲ್ ಸೀಸದ ಹಾಗೆ. ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ಆ ಅಂಚಿಗೆ ಒತ್ತಿ ಹಿಡಿದೆ. ಮುಳ್ಳು ಹಾರಿತು. ಅದು ಕಾರ್ಬನ್ ಫೈಬರ್. ಕಾರ್ಬನ್ ಕರೆಂಟ್ ಹರಿಸುತ್ತದೆ. ಅಂದರೆ ನಾನು ಆಂಟೆನಾ ತಂತಿಯನ್ನು ಒಂದು ಉದ್ದದ ವಾಹಕಕ್ಕೇ ಅಂಟಿಸಿ ಕಟ್ಟಿದ್ದೆ. ಗ್ಲಾಸ್ ಫೈಬರಿನ ದೋಟಿ ಆಗಿದ್ದರೆ ಏನೂ ತೊಂದರೆ ಇರಲಿಲ್ಲ. ದೋಟಿ ತರುವವರು ಮೊದಲು ಕಡಿದ ಅಂಚಿಗೆ ಮೀಟರ್ ಹಚ್ಚಿ ನೋಡಿ, ಮೇಲಿನ ಬಣ್ಣಕ್ಕೆ ಹಚ್ಚಿದರೆ ಗೊತ್ತಾಗುವುದಿಲ್ಲ. ರೇಡಿಯೋ ಗೊತ್ತಿಲ್ಲದ ತೋಟದವರಿಗೂ ಇದು ಗೊತ್ತಿರಲಿ: ಕಾರ್ಬನ್ ದೋಟಿ, ಅಲ್ಯುಮಿನಿಯಂ ದೋಟಿ ಎರಡೂ ಕರೆಂಟ್ ಲೈನಿಗೆ ತಾಗಿದರೆ ಹಿಡಿದವರ ಜೀವಕ್ಕೇ ಬರುತ್ತದೆ.

ವರ್ಟಿಕಲ್ ಬಿಡಲು ದೋಟಿ ಒಂದೇ ಕಾರಣ ಅಲ್ಲ. ದಿನಾ ಏರಿಸಿ ಇಳಿಸುವ ಆಂಟೆನಾವನ್ನು ಜುಲೈ ಮಳೆಯಲ್ಲಿ ಯಾರು ಏರಿಸುತ್ತಾರೆ? ನನಗೆ ಬೇಕಾಗಿದ್ದು ಆಗಲೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಮುಚ್ಚಿಹೋಯಿತು. ಮೂರು ವಾರ ಕಳೆದು ಆಗಸ್ಟ್ 7ರಂದು ನಮ್ಮ ಕೋಡಿಬಾಗದಿಂದ ಸದಾಶಿವಗಡಕ್ಕೆ ಹೋಗುವ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಈ ಜಿಲ್ಲೆಯಲ್ಲಿ ಮಳೆಗಾಲ ಅಂದರೆ ಕರೆಂಟ್ ಹೋಗುವುದು, ಮೊಬೈಲ್ ಟವರ್ ಸತ್ತುಹೋಗುವುದು ಹೊಸದಲ್ಲ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟಿನ ಅಲೆಗೆ ಘಟ್ಟ ಅಡ್ಡ ಬರುತ್ತದೆ, ಕಾರವಾರದಿಂದ ಶಿರಸಿಗೆ ನೇರ ಮುಟ್ಟುವುದಿಲ್ಲ. ಅದೇ 40 ಮೀಟರ್ ಬ್ಯಾಂಡಿನಲ್ಲಿ ತಗ್ಗಿನಲ್ಲಿ ಕಟ್ಟಿದ ತಂತಿಯಿದ್ದರೆ ಅಲೆ ನೆತ್ತಿಯ ಕಡೆಗೆ ಹೋಗಿ, ಆಕಾಶದ ಮೇಲಿನ ಅಯನೋಸ್ಫಿಯರ್ ಪದರಕ್ಕೆ ತಾಗಿ, ಘಟ್ಟದ ಈಚೆ ಆಚೆ ಎರಡೂ ಕಡೆ ಇಳಿಯುತ್ತದೆ. ಹಗಲು ಹೊತ್ತು ಸುತ್ತಲಿನ ನಾಲ್ಕೈದು ನೂರು ಕಿಲೋಮೀಟರಿಗೆ ಇದು ಸಾಕು. ಅಂದರೆ ಈ ಕೆಲಸಕ್ಕೆ ನನ್ನ ಮಾಡಿನ 6 ಮೀಟರ್ ಎತ್ತರ ಕೊರತೆಯೇ ಅಲ್ಲ. ಇದು ಹೊಳೆದ ದಿನ ಎತ್ತರದ ಚಿಂತೆ ಬಿಟ್ಟೆ.

ಉಳಿದದ್ದು ತುದಿಯಿಂದ ಫೀಡ್ ಮಾಡುವ ಅರ್ಧ ತರಂಗದ ತಂತಿ. ಎಂಡ್ ಫೆಡ್ ಹಾಫ್ ವೇವ್ ಅಂತ ಎಲ್ಲರೂ ಕರೆಯುವುದು ಇದನ್ನೇ. ಉದ್ದ ಡೈಪೋಲಿನಷ್ಟೇ, ಆದರೆ ಕೋಯಾಕ್ಸ್ ಒಂದು ತುದಿಗೆ ಬರುತ್ತದೆ. ಆ ತುದಿ ನನ್ನ ಬಾಲ್ಕನಿಯಲ್ಲೇ ಇರಬಹುದು. 40 ಮೀಟರಿಗೆ ಕಡಿದ ತಂತಿ 20, 15, 10 ಮೀಟರಿನಲ್ಲೂ ಕೆಲಸ ಮಾಡುತ್ತದೆ. ನಡುವೆ ಬಗ್ಗಿಸಿದರೂ ಅಡ್ಡಿಲ್ಲ. ತುದಿಯಲ್ಲಿ ಇಂಪಿಡೆನ್ಸ್ (ರೇಡಿಯೋ ಕರೆಂಟಿಗೆ ಇರುವ ತಡೆ) ಎರಡೂವರೆ ಸಾವಿರ ಓಮ್ ಹತ್ತಿರ ಇರುವುದರಿಂದ 49ಕ್ಕೆ 1ರ ಟ್ರಾನ್ಸ್‌ಫಾರ್ಮರ್ ಬೇಕು. ಕೋಯಾಕ್ಸಿನ 50 ಓಮ್ ಗುಣಿಸು 49 ಅಂದರೆ 2450.

ಟ್ರಾನ್ಸ್‌ಫಾರ್ಮರ್ ಮಾಡಿದ್ದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೆಲಸ ಕೆಡುವುದು ಇಲ್ಲೇ. ಎಫ್‌ಟಿ240-43 ಫೆರೈಟ್ ರಿಂಗ್ ಆನ್‌ಲೈನ್‌ನಲ್ಲಿ ತರಿಸಿದೆ. 1 ಮಿಲಿಮೀಟರ್ ಎನಾಮಲ್ ತಾಮ್ರದ ತಂತಿ ಪೇಟೆಯ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತೂಕಕ್ಕೆ ಸಿಕ್ಕಿತು. ಪ್ರೈಮರಿ (ಕೋಯಾಕ್ಸ್ ಬದಿ) 2 ಸುತ್ತು, ಸೆಕೆಂಡರಿ (ಆಂಟೆನಾ ತಂತಿ ಬದಿ) 14 ಸುತ್ತು. ತಂತಿ ರಿಂಗಿನ ಒಳಗೆ ಎಷ್ಟು ಸಲ ಹಾಯುತ್ತದೋ ಅಷ್ಟು ಸುತ್ತು, ಹೊರಗಿನಿಂದ ಎಣಿಸಿದರೆ ತಪ್ಪುತ್ತದೆ. ನಾನು ಮೊದಲ ಸಲ ಎಣಿಸಿ ಬಿಟ್ಟು, ಊಟ ಮಾಡಿ ಬಂದು ಮತ್ತೆ ಎಣಿಸಿದೆ, 13 ಇತ್ತು. ಬಿಚ್ಚಿ ಪುನಃ ಸುತ್ತಿದೆ. ರಿಂಗಿನ ಅಂಚು ಚೂಪಾಗಿರುತ್ತದೆ, ಎನಾಮಲ್ ಕೆರೆದುಹೋಗುತ್ತದೆ, ಅದಕ್ಕೆ ಮೊದಲು ಒಂದು ಪದರ ಟೆಫ್ಲಾನ್ ಟೇಪು ಸುತ್ತಿಕೊಳ್ಳಿ, ನಲ್ಲಿಗೆ ಸುತ್ತುತ್ತಾರಲ್ಲ ಅದೇ. ಪ್ರೈಮರಿಗೆ ಅಡ್ಡಲಾಗಿ 100 ಪಿಕೋಫ್ಯಾರಡ್, 3 ಕಿಲೋವೋಲ್ಟಿನ ಸೆರಾಮಿಕ್ ಕೆಪಾಸಿಟರ್. ಮೇಲಿನ ಬ್ಯಾಂಡುಗಳಲ್ಲಿ ಮ್ಯಾಚ್ ಸರಿಯಾಗುವುದು ಇದರಿಂದ.

ತಂತಿ ಕಟ್ಟುವ ಮೊದಲೇ ಮೇಜಿನ ಮೇಲೆ ಪರೀಕ್ಷೆ ಮಾಡಿ. ಸೆಕೆಂಡರಿಗೆ 2.2 ಕಿಲೋಓಮ್ ಮತ್ತು 270 ಓಮ್ ರೆಸಿಸ್ಟರ್‌ಗಳನ್ನು ಸಾಲಾಗಿ ಜೋಡಿಸಿದರೆ 2470 ಆಗುತ್ತದೆ. ವಿಎನ್‌ಎ ಹಚ್ಚಿ ನೋಡಿದರೆ 7ರಿಂದ 21 ಮೆಗಾಹರ್ಟ್ಸ್‌ವರೆಗೆ ಎಸ್‌ಡಬ್ಲ್ಯೂಆರ್ 1.3ರೊಳಗೆ ಇತ್ತು. ಈ ಒಂದು ಪರೀಕ್ಷೆ ಮಾಡಿಟ್ಟದ್ದಕ್ಕೆ ಮುಂದೆ ಏನೇ ಆದರೂ ಟ್ರಾನ್ಸ್‌ಫಾರ್ಮರ್ ಮೇಲೆ ಅನುಮಾನ ಬರಲಿಲ್ಲ.

ಪೆಟ್ಟಿಗೆ ಮನೆ ವೈರಿಂಗಿಗೆ ಹಾಕುವ ಪ್ಲಾಸ್ಟಿಕ್ ಜಂಕ್ಷನ್ ಬಾಕ್ಸ್. ಸ್ಕ್ರೂ, ನಟ್ಟು ಎಲ್ಲ ಸ್ಟೇನ್‌ಲೆಸ್. ಅಡಿಯಲ್ಲಿ 3 ಮಿಲಿಮೀಟರಿನ ಎರಡು ತೂತು. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಹಗಲು ಬಿಸಿಗೆ, ರಾತ್ರಿ ತಂಪಿಗೆ ಒಳಗೇ ಬೆವರು ಕಟ್ಟುತ್ತದೆ, ಅದು ಇಳಿದುಹೋಗಲು ದಾರಿ ಬೇಕು. ತೂತಿಗೆ ಸೊಳ್ಳೆ ಪರದೆಯ ತುಂಡು ಅಂಟಿಸಿದೆ, ಇಲ್ಲದಿದ್ದರೆ ಇರುವೆ ಗೂಡು ಕಟ್ಟುತ್ತವೆ.

ಮಾರ್ಚ್ ಎರಡನೇ ವಾರ ತಂತಿ ಎಳೆದೆ. ಕರಿ ಬಣ್ಣದ ತೆಳು ಮಲ್ಟಿಸ್ಟ್ರ್ಯಾಂಡ್ ವೈರು, 0.5 ಚದರ ಮಿಲಿಮೀಟರ್. ಹಗ್ಗ, ಇನ್ಸುಲೇಟರ್ ಎರಡಕ್ಕೂ ಬೈತಖೋಲ ಬಂದರಿನ ಹತ್ತಿರ ಬಲೆ ಸಾಮಾನು ಮಾರುವ ಅಂಗಡಿಗೆ ಹೋದೆ. ಕಡಲಿನಲ್ಲಿ ಬಿಸಿಲು, ಉಪ್ಪು ತಿಂದು ಬಾಳುವ ನೈಲಾನ್ ಹಗ್ಗ ಅಲ್ಲಿ ಸಿಗುವಂಥದ್ದು ಬೇರೆ ಕಡೆ ಸಿಗುವುದಿಲ್ಲ. ಬಲೆಗೆ ಕಟ್ಟುವ ಪ್ಲಾಸ್ಟಿಕ್ ಬೆಂಡು ತುದಿಯ ಇನ್ಸುಲೇಟರ್ ಆಯಿತು. ನಡುವೆ ತೂತು ಮೊದಲೇ ಇರುತ್ತದೆ, ನೀರು ಹೀರುವುದಿಲ್ಲ.

ಮೊಳೆ ಹೊಡೆಯುವ ಹಾಗಿಲ್ಲವಲ್ಲ, ಮಾಡಿನ ಕೆಳಗೆ ಹೊರಗೆ ಚಾಚಿರುವ ಪಕಾಸಿಗಳ ತುದಿಯನ್ನೇ ಹಿಡಿದೆ. ಒಂದು ಬಿಟ್ಟು ಒಂದು ಪಕಾಸಿಗೆ 15 ಸೆಂಟಿಮೀಟರಿನ ಪಿವಿಸಿ ಪೈಪಿನ ತುಂಡನ್ನು ಕರಿ ಕೇಬಲ್ ಟೈನಿಂದ ಕಟ್ಟಿ, ಪೈಪಿನ ತುದಿಯ ಮೇಲೆ ತಂತಿ ಹಾಯಿಸಿದೆ. ಬಿಳಿ ಕೇಬಲ್ ಟೈ ಒಂದೇ ಬೇಸಿಗೆಗೆ ಪುಡಿಯಾಗುತ್ತದೆ, ಕರಿಯದನ್ನೇ ತನ್ನಿ. ಮುಂದಿನ ಮೂಲೆಯಿಂದ ತಂತಿ ತೆಂಗಿನ ಮರದ ಕಡೆ ಹೋಗುತ್ತದೆ. ತೆಂಗಿನ ಮರ ಗಾಳಿಗೆ ತೂಗುತ್ತದೆ, ಬಿಗಿಯಾಗಿ ಕಟ್ಟಿದರೆ ಜೂನ್ ಮೊದಲ ಗಾಳಿಗೇ ಹರಿಯುತ್ತದೆ. ಕಾಯಿ ಕೊಯ್ಯಲು ಬಂದವರು ಮರಕ್ಕೆ ಸಣ್ಣ ಕಪ್ಪಿ ಕಟ್ಟಿಕೊಟ್ಟರು. ಹಗ್ಗ ಕಪ್ಪಿಯ ಮೇಲೆ ಹಾದು ಮರದ ಹಿಂಬದಿಗೆ ಇಳಿದು, ತುದಿಯಲ್ಲಿ ಮರಳು ತುಂಬಿದ ಒಂದು ಲೀಟರ್ ಬಾಟಲಿ ನೇತಾಡುತ್ತದೆ. ಮರ ತೂಗಿದಂತೆ ಬಾಟಲಿ ಏರುತ್ತದೆ, ಇಳಿಯುತ್ತದೆ. ತಂತಿಯ ಬಿಗಿ ಹಾಗೇ ಇರುತ್ತದೆ.

ಒಂದು ಎಚ್ಚರ. ಈ ಆಂಟೆನಾದ ಎರಡೂ ತುದಿಯಲ್ಲಿ ವೋಲ್ಟೇಜ್ ಜಾಸ್ತಿ. 2450 ಓಮ್ ಮೇಲೆ 50 ವ್ಯಾಟ್ ಕೊಟ್ಟರೆ 350 ವೋಲ್ಟ್, ನಾನು ಬಳಸುವ 20 ವ್ಯಾಟಿಗೂ 220 ವೋಲ್ಟ್. ಕೈಗೆ ತಾಗಿದರೆ ಸುಡುತ್ತದೆ. ಅಕ್ಕೋರು ಬಟ್ಟೆ ಒಣಗಿಸುವ ತಂತಿ ತೆಂಗಿನ ಮರದ ಬುಡಕ್ಕೇ ಇದೆ. ನನ್ನದರ ತುದಿ ಅದಕ್ಕಿಂತ 4 ಮೀಟರ್ ಮೇಲೆ ಇರುವ ಹಾಗೆ, ಮರಕ್ಕೂ ಒಂದು ಮೀಟರ್ ಮೊದಲೇ ನಿಲ್ಲುವ ಹಾಗೆ ಮಾಡಿದೆ. ಬಾಲ್ಕನಿಯ ತುದಿ ಮಕ್ಕಳ ಕೈಗೆ ಎಟಕುವುದಿಲ್ಲ.

ಟ್ಯೂನಿಂಗ್ ಲೆಕ್ಕ ಬರೆದಿಡುತ್ತೇನೆ. 20.5 ಮೀಟರ್ ಕಡಿದಿದ್ದೆ, ಬೇಕೆಂದೇ ಜಾಸ್ತಿ. ಎಸ್‌ಡಬ್ಲ್ಯೂಆರ್ ಗುಂಡಿ 6.85 ಮೆಗಾಹರ್ಟ್ಸ್‌ನಲ್ಲಿ ಬಿತ್ತು. ಎರಡನ್ನೂ ಗುಣಿಸಿದರೆ 140.4. ಈ ಜಾಗದಲ್ಲಿ, ಈ ತಂತಿಗೆ ಅದೇ ಅಂಕಿ. ನನಗೆ 7.08 ಬೇಕು, 140.4 ಭಾಗಿಸು 7.08, ಅಂದರೆ 19.83 ಮೀಟರ್. 67 ಸೆಂಟಿಮೀಟರ್ ಕಮ್ಮಿ ಮಾಡಬೇಕು. ಕತ್ತರಿಸಬೇಡಿ. ತುದಿಯನ್ನು ಹಿಂದಕ್ಕೆ ಮಡಚಿ ತಂತಿಗೇ ಹೊಸೆದು ಸುತ್ತಿ, ಹೆಚ್ಚುಕಡಿಮೆ ಅದೇ ಪರಿಣಾಮ ಸಿಗುತ್ತದೆ, ಬೇಕಾದಾಗ ಬಿಡಿಸಲೂಬಹುದು. ಮೂರನೇ ಸಲಕ್ಕೆ ಸರಿ ಕೂತಿತು, 7.08ರಲ್ಲಿ 1.3. 14.2ರ ಹತ್ತಿರ 1.7.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮೊದಲ ಕರೆ. ತುಮಕೂರಿನವರೊಬ್ಬರು ಉತ್ತರ ಕೊಟ್ಟರು, ಆಮೇಲೆ ಪುಣೆ, ಆಮೇಲೆ ಕೊಚ್ಚಿ. 20 ವ್ಯಾಟ್, ಮಾಡಿನ ಅಂಚಿನ ತಂತಿ. ಆ ಖುಷಿಯಲ್ಲಿ ನಾನಿರುವಾಗ ಕೆಳಗಿನಿಂದ ಅಕ್ಕೋರು ಮೆಟ್ಟಿಲು ಹತ್ತಿ ಬಂದರು. “ತಮಾ, ಬೆಳಿಗ್ಗೆಯಿಂದ ಬೆಲ್ ಹೊಡಿತೇ ಇದೆ, ಬಾಗಿಲು ತೆಗೆದ್ರೆ ಯಾರೂ ಇಲ್ಲ.”

ಅವರ ಮನೆಯದ್ದು ಹಕ್ಕಿ ಕೂಗುವ ಎಲೆಕ್ಟ್ರಾನಿಕ್ ಬೆಲ್. ನಾನು ಮೈಕ್ ಒತ್ತಿದಾಗಲೆಲ್ಲ ಹಕ್ಕಿ ಕೂಗಿದೆ. ಪಾಪ, ಮೂರು ಸಲ ಎದ್ದು ಹೋಗಿ ಬಾಗಿಲು ತೆಗೆದಿದ್ದರು. ನನಗೆ ನಿಜಕ್ಕೂ ಬೇಸರವಾಯಿತು. ಕಾರಣ ಇಷ್ಟು: ಈ ಆಂಟೆನಾಕ್ಕೆ ಇನ್ನೊಂದು ಕಾಲು ಇಲ್ಲ, ಹಾಗಾಗಿ ಕೋಯಾಕ್ಸಿನ ಹೊರಮೈಯೇ ಆ ಕಾಲಾಗುತ್ತದೆ, ರೇಡಿಯೋ ಕರೆಂಟ್ ಅದರ ಮೇಲೆ ಹರಿದು ಮನೆಯೊಳಗೆ ಬರುತ್ತದೆ, ಬೆಲ್ಲಿನ ಉದ್ದನೆಯ ವೈರು ಅದನ್ನು ಹಿಡಿಯುತ್ತದೆ. ಅವತ್ತೇ ರೇಡಿಯೋ ಬಂದ್ ಮಾಡಿದೆ. ಎರಡು ಕೆಲಸ ಮಾಡಿದೆ. ಟ್ರಾನ್ಸ್‌ಫಾರ್ಮರಿನ ಅರ್ಥ್ ಬದಿಗೆ 2 ಮೀಟರಿನ ಒಂದು ತಂತಿ ಸೇರಿಸಿ ಬಾಲ್ಕನಿಯ ಅಂಚಿನಲ್ಲಿ ಬಿಟ್ಟೆ. ಕೋಯಾಕ್ಸ್ ಕಿಟಕಿಯಿಂದ ಒಳಗೆ ಬರುವ ಜಾಗದಲ್ಲಿ ಅದನ್ನು ಇನ್ನೊಂದು ಫೆರೈಟ್ ರಿಂಗಿಗೆ 11 ಸುತ್ತು ಸುತ್ತಿದೆ. ಹೊರಮೈಯ ಕರೆಂಟ್ ತಡೆಯುವ ಇದಕ್ಕೆ ಚೋಕ್ ಅನ್ನುತ್ತಾರೆ. ತೆಳು ಆರ್‌ಜಿ-58 ಆದ್ದರಿಂದ ಸುತ್ತಲು ಬಂತು. ಆಮೇಲೆ ಅಕ್ಕೋರನ್ನು ಬೆಲ್ ಪಕ್ಕ ಕೂರಿಸಿ, ಮೇಲಿನಿಂದ ಹತ್ತು ನಿಮಿಷ ಕರೆ ಕೊಟ್ಟೆ. ಹಕ್ಕಿ ಸುಮ್ಮನಿತ್ತು. ಚೋಕ್ ಇಲ್ಲದೆ ಈ ಆಂಟೆನಾ ಹಾಕಲೇಬೇಡಿ. ಅಕ್ಕಪಕ್ಕದವರಿಗೆ ತೊಂದರೆ ಕೊಟ್ಟು ನಡೆಸುವ ಹವ್ಯಾಸ ಅಲ್ಲ ಇದು.

ಕೇಳುವ ಕಡೆಯೂ ಚೋಕ್‌ನಿಂದ ಗದ್ದಲ ಒಂದಿಷ್ಟು ಇಳಿಯಿತು. ಉಳಿದ ಗದ್ದಲದಲ್ಲಿ ದೊಡ್ಡ ಪಾಲು ನನ್ನದೇ ವೈಫೈ ಅಡಾಪ್ಟರಿನದು, ಬದಲಾಯಿಸಿದೆ.

ಮೇ ಕೊನೆಗೆ ಮಳೆಗಾಲದ ತಯಾರಿ. ಇಲ್ಲಿ ಪ್ರತಿ ಮನೆಯಲ್ಲೂ ಆಗ ಇರಚಲು ತಡೆಯಲು ಏನಾದರೂ ಕಟ್ಟುತ್ತಾರೆ. ಅಕ್ಕೋರು ಹಿಂದಿನ ಬಾಲ್ಕನಿಗೆ ತಗಡಿನ ಶೀಟು ಹಾಕಿಸಿದರು. ನಾನು ಸಂಜೆ ಕೆಲಸದಿಂದ ಬಂದು ರೇಡಿಯೋ ಹಾಕಿದರೆ ಎಸ್‌ಡಬ್ಲ್ಯೂಆರ್ 3. ಪೆಟ್ಟಿಗೆಯೂ ತಂತಿಯ ಮೊದಲ ಒಂದೂವರೆ ಮೀಟರೂ ತಗಡಿಗೆ ಒಂದು ಗೇಣು ದೂರದಲ್ಲಿದ್ದವು. ವೋಲ್ಟೇಜ್ ಜಾಸ್ತಿ ಇರುವ ತುದಿ ಲೋಹದ ಹತ್ತಿರ ಬಂದರೆ ಎಲ್ಲ ಲೆಕ್ಕ ತಪ್ಪುತ್ತದೆ. ತಗಡು ತೆಗೆಯಿರಿ ಅನ್ನುವ ಪ್ರಶ್ನೆಯೇ ಇಲ್ಲ, ಮಳೆ ಒಳಗೆ ಬರುತ್ತದೆ. ಪೆಟ್ಟಿಗೆಯನ್ನೇ ಬಾಲ್ಕನಿಯ ಇನ್ನೊಂದು ಮೂಲೆಗೆ, ತಗಡಿನಿಂದ 80 ಸೆಂಟಿಮೀಟರ್ ಆಚೆ ಒಯ್ದೆ. ಅದಕ್ಕೆ ತಕ್ಕಂತೆ ಮರದ ಕಡೆಯ ಹಗ್ಗ ಸಡಿಲಿಸಿದೆ. ಎಸ್‌ಡಬ್ಲ್ಯೂಆರ್ 1.4ಕ್ಕೆ ಇಳಿಯಿತು. ಬೇಸಿಗೆಯಲ್ಲಿ ಆಂಟೆನಾ ಕಟ್ಟುವವರು ಮಳೆಗಾಲದಲ್ಲಿ ಎಲ್ಲೆಲ್ಲಿ ತಗಡು ಬರುತ್ತದೆ ಅಂತ ಮನೆಯವರನ್ನು ಮೊದಲೇ ಕೇಳಿ.

ಜೂನ್‌ನಲ್ಲಿ ಜೋರು ಮಳೆ ಹಿಡಿದ ಮೇಲೆ ಇನ್ನೊಂದು ಪಾಠ. ಒಣ ದಿನ 7.08ರಲ್ಲಿದ್ದ ಗುಂಡಿ ಮೂರು ದಿನದ ಮಳೆಗೆ 6.98ಕ್ಕೆ ಸರಿಯಿತು. ಹಂಚು ನೀರು ಕುಡಿದು ಭಾರವಾಗಿರುತ್ತದೆ, ತಂತಿಯ ಪ್ಲಾಸ್ಟಿಕ್ ಮೇಲೆ ನೀರಿನ ಪದರ ಇರುತ್ತದೆ, ಎರಡೂ ಸೇರಿ ತಂತಿ ವಿದ್ಯುತ್ ಲೆಕ್ಕದಲ್ಲಿ ಉದ್ದವಾದಂತೆ. ಹಾಗಾಗಿ ತುದಿಯನ್ನು ಇನ್ನು 14 ಸೆಂಟಿಮೀಟರ್ ಮಡಚಿದೆ. ಈಗ ಒಣಗಿದ್ದಾಗ 7.13, ನೆನೆದಾಗ 7.03. ಎರಡೂ ಸ್ಥಿತಿಯಲ್ಲಿ 7.0ರಿಂದ 7.2ರವರೆಗೆ ಎಸ್‌ಡಬ್ಲ್ಯೂಆರ್ 2ರೊಳಗೆ ಇದೆ. ಬಿಸಿಲಿನ ದಿನ ಚಂದ ಕಾಣುವ ಹಾಗೆ ಟ್ಯೂನ್ ಮಾಡಿದರೆ ಕರಾವಳಿಯಲ್ಲಿ ವರ್ಷದ ಮೂರನೇ ಒಂದು ಪಾಲು ತಪ್ಪಾಗಿಯೇ ಇರುತ್ತದೆ.

ಜುಲೈ ಕೊನೆಗೆ ಸಿಗ್ನಲ್ ಬಿಟ್ಟು ಬಿಟ್ಟು ಬರತೊಡಗಿತು. ಗಾಳಿ ಬೀಸಿದಾಗ ಕರಕರ ಶಬ್ದ. ಮಳೆ ಬಿಟ್ಟ ಒಂದು ಮಧ್ಯಾಹ್ನ ಪೆಟ್ಟಿಗೆ ತೆರೆದೆ. ಒಳಗೆಲ್ಲ ಒಣಗಿತ್ತು, ತೂತುಗಳು ಕೆಲಸ ಮಾಡಿದ್ದವು. ಹೊರಗಿನ ಟರ್ಮಿನಲ್‌ಗೆ ತಂತಿ ಸೇರುವಲ್ಲಿ ಮಾತ್ರ ಹಸಿರು ಕಿಲುಬು. ಪ್ಲಾಸ್ಟಿಕ್ ಸುಲಿಯುತ್ತಾ ಹೋದೆ, ಒಂದು ಇಂಚು, ಎರಡು ಇಂಚು, ಒಳಗಿನ ಎಳೆಗಳು ಕಪ್ಪಗೆ, ಬೆರಳಿನಲ್ಲಿ ಉಜ್ಜಿದರೆ ಪುಡಿ. ನಾಲ್ಕು ಇಂಚಿನ ಮೇಲೆ ತಾಮ್ರದ ಬಣ್ಣ ಕಂಡಿತು. ಉಪ್ಪುನೀರು ಎಳೆಗಳ ನಡುವೆ ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಒಳಗೆ ಹೋಗಿದೆ. ಹಾಳಾದಷ್ಟು ಕಡಿದು, ಅಲ್ಲಿಗೆ ತವರ ಲೇಪದ ತಂತಿಯ ತುಂಡು ಬೆಸೆದೆ. ಬೆಸುಗೆಯ ಮೇಲೆ ಒಳಗೆ ಅಂಟು ಇರುವ ಹೀಟ್‌ಶ್ರಿಂಕ್, ಟರ್ಮಿನಲ್ ಮೇಲೆ ದಪ್ಪಗೆ ಪೆಟ್ರೋಲಿಯಂ ಜೆಲ್ಲಿ. ಕೋಯಾಕ್ಸಿನ ಕನೆಕ್ಟರಿಗೆ ತನ್ನಷ್ಟಕ್ಕೇ ಬೆಸೆದುಕೊಳ್ಳುವ ರಬ್ಬರ್ ಟೇಪು ಮೊದಲೇ ಸುತ್ತಿದ್ದೆ, ಬಿಚ್ಚಿ ನೋಡಿದರೆ ಹೊಸದರ ಹಾಗೆ ಫಳಫಳ ಹೊಳೆಯುತ್ತಿತ್ತು. ಅದೇ ಟೇಪನ್ನು ತಂತಿಯ ತುದಿಗೂ ಮೊದಲ ದಿನವೇ ಸುತ್ತಬೇಕಿತ್ತು.

ಸಿಡಿಲಿನ ವಿಷಯ. ಏಪ್ರಿಲ್-ಮೇ ತಿಂಗಳ ಸಂಜೆ ಮತ್ತು ಮಳೆ ಹೋಗುವ ಅಕ್ಟೋಬರ್‌ನಲ್ಲಿ ಇಲ್ಲಿ ಗುಡುಗು ಜಾಸ್ತಿ. ರೇಡಿಯೋ ಬಳಸದಾಗ ಕೋಯಾಕ್ಸ್ ಯಾವತ್ತೂ ಸೆಟ್ಟಿಗೆ ಹಚ್ಚಿರುವುದಿಲ್ಲ, ಕಿಟಕಿಯ ಹೊರಗೆ ಒಂದು ಮುಚ್ಚಳದ ಡಬ್ಬಿಯಲ್ಲಿ ಇರುತ್ತದೆ. ಹೊರಗೇ ಕೋಯಾಕ್ಸಿನ ಹೊರಮೈಗೆ ಅರ್ಥ್ ಕೊಟ್ಟಿದ್ದೇನೆ. ಕೋಡಿಬಾಗದ್ದು ಮರಳು ನೆಲ, ಕಂಬಿ ಸುಲಭವಾಗಿ ಇಳಿಯಿತು, ಎರಡಡಿಗೇ ತೇವ ಸಿಕ್ಕಿತು. ಚಿರೆಕಲ್ಲು ನೆಲದವರಿಗೆ ಇಷ್ಟು ಸುಲಭ ಆಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ನೇರ ಸಿಡಿಲಿನಿಂದ ರಕ್ಷಣೆ ಸಿಕ್ಕಿತು ಅಂತ ತಿಳಿಯಬೇಡಿ. ದೂರದಲ್ಲಿ ಗುಡುಗಿದರೂ ನಾನು ಕೇಬಲ್ ಮುಟ್ಟುವುದಿಲ್ಲ.

ಈಗ ಅಕ್ಟೋಬರ್. ತಂತಿ ಮೇಲೇ ಇದೆ. ರಸ್ತೆಯಲ್ಲಿ ನಿಂತು ಹುಡುಕಿದರೂ ಪಕಾಸಿಯ ನೆರಳಿನಲ್ಲಿ ಅದು ಕಾಣುವುದಿಲ್ಲ. ಮರದ ಕಡೆ ಹೋಗುವ ಭಾಗ ಸಂಜೆ ಬಿಸಿಲು ಬಿದ್ದಾಗ ಮಾತ್ರ ಒಂದು ಗೆರೆ. ಆಗಸ್ಟ್‌ನಲ್ಲಿ ಒಮ್ಮೆ ದಿನವಿಡೀ ಕರೆಂಟ್ ಇಲ್ಲದಾಗ ಬ್ಯಾಟರಿ ಮೇಲೆ ರೇಡಿಯೋ ಹಚ್ಚಿ ಘಟ್ಟದ ಮೇಲಿನ ಗೆಳೆಯರ ಜತೆ ಒಂದು ತಾಸು ಮಾತಾಡಿದೆ, ಮಾತು ಪೂರ್ತಿ ಸ್ಪಷ್ಟ. ದೂರದ ದೇಶಗಳು 20 ಮೀಟರಿನಲ್ಲಿ ಅಪರೂಪಕ್ಕೆ ಸಿಗುತ್ತವೆ, ಅದಕ್ಕೆ ಕಡಲ ಬದಿಯ ವರ್ಟಿಕಲ್ಲೇ ಬೇಕು. ಗ್ಲಾಸ್ ಫೈಬರಿನ ಕೋಲು ಒಂದು ನೋಡಿಟ್ಟಿದ್ದೇನೆ, ನವೆಂಬರ್‌ನಲ್ಲಿ ಗಾಳಿ ತಗ್ಗಿದ ಮೇಲೆ ಬೀಚಿಗೆ ಒಯ್ದು ನೋಡಬೇಕು. ಅದಕ್ಕೂ ಮೊದಲು ಕಪ್ಪಿಯ ಮೇಲಿನ ಹಗ್ಗ ಒಂದು ಕಡೆ ಸವೆದಿದೆ. ಮುಂದಿನ ವಾರ ಕಾಯಿ ಕೊಯ್ಯಲು ಬರುತ್ತಾರೆ, ಹೊಸ ಹಗ್ಗ ತಂದಿಟ್ಟಿದ್ದೇನೆ.